ಬೆಳ್ಳಗಿರುವುದು

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ.
ಇಸಾಯಾಸನ ಕಣ್ಣಿಗೆ ಏನು ಕಾಣುತ್ತಿತ್ತೋ,
ಹತ್ತು ವಾರದ ಕೂಸು, ಕೇಳುವುದು ಹೇಗೆ.
ನಮಗೆ ಮಾತ್ರ ಅವನೇ ಹಳದಿ:
ಕಿವಿಯ ತುದಿ, ಅಂಗಾಲು,
ಅಳುವಾಗ ತೆರೆದ ಬಾಯೊಳಗೆ ಒಸಡು ಕೂಡ.

ಲಿಮಾದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ರಾತ್ರಿ ಪಾಳಿಯ ಔಷಧಗಾರ ನಾನು.
ಸಕ್ಕರೆ, ಉಪ್ಪು, ಅಮೈನೋ ಆಮ್ಲ, ಕಣದಷ್ಟು ಸತು
ಅಳೆದು ಚೀಲ ತುಂಬುತ್ತೇನೆ.
ಕೊಬ್ಬಿಗೆ ಬೇರೆ ಸಿರಿಂಜು,
ಸೋಯಾ ಎಣ್ಣೆಯನ್ನು ನೀರಲ್ಲಿ ಒಡೆದೊಡೆದು
ಹಾಲಿನಂತಾಗಿಸಿದ್ದು.
ಬೆಳಕು ತಾಗದಂತೆ ಅದಕ್ಕೊಂದು ಕಂದು ಹೊದಿಕೆ.
ಹದಿನೈದು ವರ್ಷ ಆ ಬಿಳಿಯನ್ನು
ಒಂದು ರಾತ್ರಿಯೂ ಅನುಮಾನಿಸಿದವನಲ್ಲ.

ಹುಟ್ಟಿದ ಮೂರನೇ ದಿನ ಅವನ ಕರುಳು
ಹಗ್ಗದಂತೆ ಹುರಿಗೊಂಡು ಕಪ್ಪಾಗಿತ್ತು.
ಕತ್ತರಿಸಿ ಉಳಿಸಿದ್ದು ಒಂದು ಗೇಣು.
ಮೊಲೆಹಾಲು ತೊಟ್ಟು ತೊಟ್ಟು ತುಟಿಗೆ, ರುಚಿಗಷ್ಟೇ;
ಊಟವೆಲ್ಲ ಎದೆಯ ರಕ್ತನಾಳದಿಂದ.
ಬಾಯಿಂದ ಹೋಗಿದ್ದರೆ ಕರುಳು ಬಾಗಿಲಲ್ಲೇ
ತಡೆಯುತ್ತಿದ್ದ ಗಿಡದ ಸ್ಟೆರಾಲು
ಈಗ ನೇರ ಒಳಮನೆಗೆ.
ಯಕೃತ್ತು ಬಂದ ನೆಂಟರನ್ನೆಲ್ಲ ಕೂರಿಸಿಕೊಂಡಿತು,
ಪಿತ್ತ ಹೊರಡಲು ದಾರಿಯಿಲ್ಲದೆ ನಿಂತಿತು.
ಮೂತ್ರ ಕಡು ಚಹಾ. ಮಲ ಸುಣ್ಣದುಂಡೆ.
ಹಾಲೂ ಸುಣ್ಣವೂ ಬೆಳ್ಳಗೇ ಅಲ್ಲವೆ,
ಎರಡನ್ನೂ ಆ ವಾರ ಒಟ್ಟಿಗೇ ಕಂಡೆ.

ಡಾಕ್ಟರ್ ಸರೇಲಾ ನೀನಾಕಿಸ್ಪೆ
ಮೆಟ್ಟಿಲಿಳಿದು ಬಂದು ಹೇಳಿದರು:
ಸೋಯಾ ನಿಲ್ಲಿಸೋಣ. ಮೀನೆಣ್ಣೆ ತರಿಸಿದ್ದೇನೆ,
ಕಿಲೋ ತೂಕಕ್ಕೆ ದಿನಕ್ಕೊಂದು ಗ್ರಾಂ.
ಮಾತು ಕೊಡಲಾರೆ ಅಂತ ತಾಯಿಗೂ ಹೇಳಿದ್ದೇನೆ.

ತಾಯಿ ಎದೆಲ್ಮಿರಾ ಉಆಮಾಂಚೂಮೊ, ಚಿಂಬೋತೆಯವಳು.
ಮೀನುಪುಡಿ ಕಾರ್ಖಾನೆಯಲ್ಲಿ ಆರು ವರ್ಷ ದುಡಿದ ಕೈ.
ವಾರ್ಡಿಗೆ ಬರುವ ಮುನ್ನ ಮೊಣಕೈವರೆಗೆ
ಮೂರು ಸಲ ಸೋಪು ಹಚ್ಚುತ್ತಾಳೆ;
ಬಸ್ಸಿನಲ್ಲಿ ಪಕ್ಕದವರು ಸೀಟು ಬದಲಿಸುವುದು
ಅವಳಿಗೆ ಹೊಸದಲ್ಲ.
ಯಾವ ಮೀನು, ಅಂತ ಕೇಳಿದಳು.
ಲೇಬಲ್ಲು ಹೆಸರು ಹೇಳುವುದಿಲ್ಲ.
ಅಂಚೊವೆತಾ ಇದ್ದರೂ ಇರಬಹುದು, ಅಂದೆ.
ಅವಳು ನಕ್ಕದ್ದು ಅದೇ ಮೊದಲು:
‘ಅದನ್ನ ನಾವು ಹಡಗಿಗೆ ತುಂಬಿ ಕಳಿಸ್ತೀವಿ, ಯಾರದೋ ಕೋಳಿಗೆ.’
ಸಿರಿಂಜನ್ನು ಮೂಗಿನ ಬಳಿ ಹಿಡಿದಳು.
‘ವಾಸನೇನೇ ಇಲ್ಲ. ಇದು ಮೀನಲ್ಲ.’
ಮೀನೇ ಎಂದು ನಂಬಿಸಲು
ನನ್ನ ಬಳಿ ಒಂದು ಕಾಗದವಿತ್ತು ಅಷ್ಟೇ.

ಪಿತ್ತದ ಲೆಕ್ಕ ಒಂಬತ್ತೂವರೆ.
ಮೂರು ವಾರದ ಮೇಲೆ ಹತ್ತು.
ಸರೇಲಾ ಮುಖ ತಿರುಗಿಸಿಕೊಂಡು ನಡೆದರು.
ಐದನೇ ವಾರ ಏಳು, ಆಮೇಲೆ ಏಳೇ, ಏಳೇ,
ಒಂದು ಸೋಮವಾರ ನಾಲ್ಕು.
ಪಕ್ಕದ ತೊಟ್ಟಿಲಿನ ಹೆಣ್ಣುಮಗುವಿಗೂ
ಅದೇ ಎಣ್ಣೆ, ಅದೇ ತೂಕದ ಲೆಕ್ಕ,
ತುಂಬಿದ್ದು ಇದೇ ಕೈ.
ಅವಳದು ಇಳಿಯಲಿಲ್ಲ. ತೊಟ್ಟಿಲು ಖಾಲಿ ಈಗ.
ಯಾಕೆ ಅಂತ ನಾನು ಕೇಳಲಿಲ್ಲ,
ಕೇಳಿದ್ದರೂ ಸರೇಲಾ ಸುಳ್ಳು ಹೇಳುವವರಲ್ಲ.

ನಿನ್ನೆ ಬೆಳಗಿನ ಜಾವ, ಹೊರಗೆ ಗರೂವಾ ಮಂಜು
ಬೀದಿದೀಪಗಳನ್ನು ಒದ್ದೆ ಮಾಡುತ್ತಿದ್ದಾಗ,
ಔಷಧ ಚೀಟಿ ಮಾತ್ರ ಬರುವ ನನ್ನ ಕಿಟಕಿಯಲ್ಲಿ
ಎದೆಲ್ಮಿರಾ ಒಂದು ಲಂಗೋಟಿ ಬಿಚ್ಚಿ ಹಿಡಿದಳು.
ಸಾಸಿವೆಯ ಬಣ್ಣ, ಅಂಚಿನಲ್ಲಿ ಹಸಿರು,
ದೇವರೇ, ಎಂಥ ನಾತ!
‘ಇದಕ್ಕೆ ವಾಸನೆ ಇದೆ’ ಅಂದಳು.
ಇಲ್ಲಿಗೆಲ್ಲ ಇದನ್ನು ತರಬಾರದು, ನಿಯಮವಿದೆ
ಎನ್ನಬೇಕಿತ್ತು; ಮೂಗು ಒರೆಸಿಕೊಂಡೆ.

ಇವತ್ತಿನ ಸಿರಿಂಜು ಸಿದ್ಧವಾಗಿದೆ.
ಹೊದಿಕೆ ಹಾಕುವ ಮುನ್ನ ದೀಪಕ್ಕೆ ಹಿಡಿಯುತ್ತೇನೆ.
ಹಳೆಯದರಷ್ಟೇ ಬಿಳಿ.
ಹೆಸರನ್ನು ಎರಡು ಸಲ ಓದುತ್ತೇನೆ.